ಪರಸ್ಥಳದ ಪಂದ್ಯಕ್ಕೆ ಹೋದವರು

ಆಟವಾಡುವವರನ್ನು ಕುರಿತು ಬರೆಯುವವರು ಬಹಳ ಮಂದಿ. ಆಟ ನೋಡುವವರನ್ನು ಕುರಿತು ಬರೆಯುವವರು ವಿರಳ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಬರುವುದು. ಅದನ್ನು ಕಂಡು ಗಂಟಲು ಹರಿಯುವಂತೆ ಕೂಗಿದವನ ಹೆಸರು ಎಲ್ಲಿಯೂ ಬಾರದು. ಆದರೂ ಅಂತಹವನಿಲ್ಲದಿದ್ದರೆ ಆಟಕ್ಕೆ ಕಳೆಯೇ ಇಲ್ಲವೆಂಬುದನ್ನು ಆಡುವವರೇ ಒಪ್ಪಿಕೊಳ್ಳುವರು.

ಈ ನೋಡುವವರಲ್ಲಿಯೂ ಎರಡು ಬಗೆಯವರನ್ನು ನಾವು ಕಾಣುತ್ತೇವೆ. ಮೊದಲನೆಯವನು ತನ್ನೂರಿನ ಬಯಲಿನಲ್ಲಿ ನಡೆಯುವ ಪಂದ್ಯಕ್ಕೆ ಹೋಗುವವನು. ಮಧ್ಯಾಹ್ನದ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ನೆರೆಯವರೊಡನೆ ಹರಟುತ್ತ ಹೋಗಿ ಕುಳಿತು, ತನ್ನವರು ಗೆದ್ದರೆ ಕುಣಿದು, ಸೋತರೆ ಬೈದು, ದೀಪ ಹಚ್ಚುವ ಹೊತ್ತಿಗೆ ಅವನು ಮನೆ ಸೇರುವನು. ಸುತ್ತಲೂ ತನ್ನವರೇ ಇರುವುದರಿಂದ ಅವನ ಕೂಗಿಗೆ ಭಯವಿಲ್ಲ, ಖರ್ಚೂ ಇಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನು ಇಂತಹವರನ್ನು ಕಂಡೇ ಮಾಡಿದರೋ ಏನೋ! ಎರಡನೆಯವನು, ತನ್ನ ತಂಡವು ಪರಸ್ಥಳಕ್ಕೆ ಹೊರಟಾಗ ತಾನೂ ಗಂಟುಮೂಟೆ ಕಟ್ಟಿ ಅದರ ಬೆನ್ನು ಹತ್ತುವವನು. ಅವನು ಕೂಡಿಟ್ಟ ಹಣವನ್ನು ವೆಚ್ಚಮಾಡಬೇಕು, ರಜೆ ಬೇಡಬೇಕು, ಮನೆಯಾಕೆಗೆ ಸಮಾಧಾನ ಹೇಳಬೇಕು. ಕೊನೆಗೆ ತಲಪಿದಲ್ಲಿ ಎದುರಾಳಿಗಳ ಜನಸಾಗರದ ನಡುವೆ ಹಿಡಿಯಷ್ಟು ಮಂದಿಯೊಡನೆ ಕುಳಿತು ಕೂಗಬೇಕು. ಇವನ ವಿಷಯವಾಗಿಯೇ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಅದಕ್ಕೆ ದೃಷ್ಟಾಂತವಾಗಿ 1972ನೆಯ ಇಸವಿಯಲ್ಲಿ ಕೆನಡಾ ದೇಶದಿಂದ ಮಾಸ್ಕೋವಿಗೆ ಹೋದ ಸುಮಾರು 3,000 ಮಂದಿ ಹಾಕಿ ಅಭಿಮಾನಿಗಳ ವೃತ್ತಾಂತವನ್ನು ಆರಿಸಿಕೊಂಡಿದ್ದೇವೆ.

ಹಾಕಿಯೆಂದೊಡನೆ ನಮ್ಮ ವಾಚಕರ ಕಣ್ಣಮುಂದೆ ಹಸುರು ಬಯಲೂ, ಬಾಗಿದ ಕೋಲೂ, ಬಿಳಿಯ ಚೆಂಡೂ ಬಂದು ನಿಲ್ಲುವುವು. ಕೊಡಗಿನವರಿಗಂತೂ ಅದು ಮನೆಯ ಮಾತು. ಆ 1972ರ ಸೆಪ್ಟೆಂಬರ್ ತಿಂಗಳಿನಲ್ಲಿಯೇ ಮ್ಯೂನಿಕ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವು ಹಾಲೆಂಡನ್ನು 2–1 ಗೋಲುಗಳಿಂದ ಸೋಲಿಸಿ ಕಂಚಿನ ಪದಕವನ್ನು ಪಡೆಯಿತು, ಕೊಡಗಿನ ಎಂ. ಪಿ. ಗಣೇಶರೂ ಬಿ. ಪಿ. ಗೋವಿಂದರೂ ಆ ತಂಡದಲ್ಲಿದ್ದರು. ನಾವು ಹೇಳಹೊರಟಿರುವುದು ಆ ಹಾಕಿಯಲ್ಲ, ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಆಟಗಾರರು ಉಕ್ಕಿನ ಅಲಗುಗಳನ್ನು ಜೋಡಿಸಿದ ಪಾದರಕ್ಷೆಗಳನ್ನು ತೊಟ್ಟು, ಬಾಣದಂತೆ ಜಾರುತ್ತ, ಚೆಂಡಿಗೆ ಬದಲಾಗಿ 3 ಅಂಗುಲ ಅಗಲ, 1 ಅಂಗುಲ ದಪ್ಪವುಳ್ಳ ಗಟ್ಟಿಯಾದ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಕೊಂಡು ಹೋಗುವರು. ಕಣದಲ್ಲಿ ಒಂದೊಂದು ಕಡೆಗೆ 6 ಮಂದಿ. 20 ನಿಮಿಷಗಳ 3 ಭಾಗಗಳು. ಓಡುತ್ತಿರುವವನಿಗೆ ಮೈಯಿಂದ ಮೈಗೆ ಢಿಕ್ಕಿ ಕೊಟ್ಟು ಬಿಲ್ಲೆಯನ್ನು ಕಸಿದುಕೊಳ್ಳುವುದು ಅಲ್ಲಿ ನಿಯಮದೊಳಗಿನ ಮಾತೇ. ನಮ್ಮ ಬಯಲಿನಲ್ಲಿ ಹಾಗೆ ಮಾಡಿದವನನ್ನು ತೀರ್ಪುಗಾರನು ಹೊರಕ್ಕೆ ಕಳುಹಿಸಿಯಾನು.

ಕೆನಡಾದವರಿಗೆ ಈ ಆಟದ ಮೇಲಿರುವ ಮೋಹವು ಇಷ್ಟೆಂದು ಹೇಳಲಾಗದು. ಅಲ್ಲಿಯ ಚಳಿಗಾಲ ದೀರ್ಘವಾದುದು. ಮನೆಯ ಹಿತ್ತಿಲಿನಲ್ಲಿ ನೀರು ಹೊಯ್ದು, ಅದು ಹೆಪ್ಪುಗಟ್ಟಿದ ಮೇಲೆ ಅದನ್ನೇ ಮಕ್ಕಳಿಗೆ ಆಟದ ಕಣವಾಗಿ ಮಾಡಿಕೊಡುವ ತಂದೆಯರು ಆ ನಾಡಿನಲ್ಲಿ ಊರೂರಿಗೂ ಇದ್ದಾರೆ. ಈ ಆಟದಲ್ಲಿ ತಮ್ಮನ್ನು ಮೀರಿಸುವವರು ಭೂಮಂಡಲದಲ್ಲಿಲ್ಲವೆಂದು ಅವರ ದೃಢವಾದ ನಂಬಿಕೆ. ಆದರೆ ಒಲಿಂಪಿಕ್ ಕ್ರೀಡೆಗಳಲ್ಲಿ ನಡೆದುದು ಬೇರೆ. 1964, 1968, 1972, ಈ ಮೂರು ಸಲವೂ ಚಿನ್ನದ ಪದಕವನ್ನು ಕೊಂಡೊಯ್ದುದು ಸೋವಿಯತ್ ತಂಡ. ಇದಕ್ಕೆ ಕೆನಡಾದವರು ಕೊಡುತ್ತಿದ್ದ ಸಮಾಧಾನವೇನೆಂದರೆ, ಹಣ ಪಡೆದು ಆಡುವ ತಮ್ಮ ಶ್ರೇಷ್ಠ ಆಟಗಾರರಿಗೆ ಆ ಕ್ರೀಡೆಗಳಲ್ಲಿ ಪ್ರವೇಶವಿರಲಿಲ್ಲವೆಂಬುದು. ಅದು ಸುಳ್ಳಲ್ಲ. ಅವರು ಕಣಕ್ಕಿಳಿದರೆ ಏನಾಗುವುದೋ ನೋಡಿಯೇ ಬಿಡೋಣವೆಂದು 1972ರಲ್ಲಿ ಎರಡು ದೇಶಗಳ ನಡುವೆ 8 ಪಂದ್ಯಗಳು ಗೊತ್ತಾದುವು: 4 ಕೆನಡಾದಲ್ಲಿ, 4 ಮಾಸ್ಕೋವಿನಲ್ಲಿ. ಎಂಟಕ್ಕೆ ಎಂಟೂ ತಮ್ಮವೇ ಎಂದು ಕೆನಡಾದ ಪತ್ರಿಕೆಗಳಲ್ಲಿ ಬರೆದವರಿಗೆ ಕೊರತೆಯಿರಲಿಲ್ಲ. ಮಾಸ್ಕೋವಿಗೆ ಹೋಗಬೇಕೆಂದಿದ್ದ ಅಭಿಮಾನಿಗಳ ಪ್ರಯಾಣದ ಏರ್ಪಾಡುಗಳೂ ಈ ಉತ್ಸಾಹದಲ್ಲಿಯೇ ಮೊದಲಾದುವು. ಗೆದ್ದ ತಂಡದ ದಿಗ್ವಿಜಯವನ್ನು ಕಣ್ಣಾರೆ ಕಂಡು ಬರುವ ವಿಹಾರಯಾತ್ರೆಯೆಂದೇ ಅವರು ಎಣಿಸಿದ್ದರೆ ಆಶ್ಚರ್ಯವೇನೂ ಇಲ್ಲ.

ಸೆಪ್ಟೆಂಬರ್ 2ರಂದು ಮಾಂಟ್ರಿಯಲಿನಲ್ಲಿ ಮೊದಲನೆಯ ಪಂದ್ಯ. ಕೆನಡಾ ಆಟದ ಆರಂಭದಲ್ಲಿಯೇ ಎರಡು ಗೋಲು ಹೊಡೆಯಿತು; ಮುಗಿಯುವ ವೇಳೆಗೆ 7–3ರಿಂದ ಸೋತಿತು. ಬೇಸಗೆಯ ವಿಶ್ರಾಂತಿಯಿಂದ ಮೈ ಜಡವಾಗಿದ್ದ ಕೆನಡಾದವರ ಮುಂದೆ, ವರ್ಷವಿಡೀ ಸಾಧನೆ ಮಾಡಿದ್ದ ಸೋವಿಯತ್ ಆಟಗಾರರು ಬಿಲ್ಲೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ದಾಟಿಸಿ ಆಡಿದರು. ಅವರ ಗೋಲನ್ನು ಕಾಯುತ್ತಿದ್ದ ವ್ಲಾಡಿಸ್ಲಾವ್ ತ್ರೆತ್ಯಾಕನಿಗೆ ಆಗ 20 ವರ್ಷ ವಯಸ್ಸು. ಟೊರಾಂಟೋವಿನಲ್ಲಿ ಕೆನಡಾ 4–1ರಿಂದ ಗೆದ್ದಿತು. ವಿನಿಪೆಗ್ಗಿನಲ್ಲಿ 4–4 ಸರಿಸಮವಾಯಿತು. ಸೆಪ್ಟೆಂಬರ್ 8ರಂದು ವ್ಯಾಂಕೂವರಿನಲ್ಲಿ ಮತ್ತೆ 5–3ರ ಸೋಲು.

ಈ ವ್ಯಾಂಕೂವರಿನ ರಾತ್ರಿಯನ್ನು ನಾವು ಸ್ವಲ್ಪ ವಿಸ್ತರಿಸಬೇಕು. ಅಂದು ಕೆನಡಾದ ಆಟಗಾರರನ್ನು ಛೀಮಾರಿ ಹಾಕಿದವರು ಶತ್ರುಗಳಲ್ಲ, ಸ್ವದೇಶದವರೇ. ಆಟ ನಡೆಯುತ್ತಿರುವಾಗಲೇ ಗ್ಯಾಲರಿಗಳಿಂದ ಧಿಕ್ಕಾರದ ಕೂಗು ಎದ್ದಿತು. ಮುಗಿದ ಮೇಲೆಯೂ ಅದು ನಿಲ್ಲಲಿಲ್ಲ. ಆಗ ಫಿಲ್ ಎಸ್ಪೊಸಿಟೋ ಎಂಬ ಆಟಗಾರನು, ಮುಖದಿಂದ ಬೆವರು ಇಳಿಯುತ್ತಿರಲು, ದೂರದರ್ಶನದವರ ಮುಂದೆ ನಿಂತು ಇಡೀ ದೇಶಕ್ಕೆ ಕೇಳುವಂತೆ ತನ್ನ ಮನಸ್ಸಿನ ಬೇಗೆಯನ್ನು ತೋಡಿಕೊಂಡನು. ನಾವು ನಮ್ಮ ಕೈಲಾದುದನ್ನೆಲ್ಲ ಮಾಡುತ್ತಿದ್ದೇವೆ. ದೇಶದ ಮೇಲಣ ಪ್ರೀತಿಯಿಂದಲೇ ಆಡಲು ಬಂದಿದ್ದೇವೆ. ನಮ್ಮವರೇ ನಮ್ಮನ್ನು ಹೀಗೆ ಜರೆದರೆ ಹೇಗೆ ಎಂಬುದು ಅವನ ಮಾತಿನ ತಾತ್ಪರ್ಯ. ಹಣ ಕೊಟ್ಟು ಬಂದವರಿಗೆ ಅಸಮಾಧಾನ ಸೂಚಿಸುವ ಹಕ್ಕಿಲ್ಲವೆಂದು ನಾವು ಹೇಳುವುದಿಲ್ಲ. ತಂಡದ ಆಟ ಅಂದು ಕಳಪೆಯಾಗಿಯೇ ಇದ್ದಿತು. ಆದರೆ ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಅಭಿಮಾನವೆಂಬ ದೊಡ್ಡ ಹೆಸರೇಕೆ?

ಇಂತಿರಲು ಮಾಸ್ಕೋವಿಗೆ ಹೊರಟಿದ್ದ ಆ 3,000 ಮಂದಿಯ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಅವರು ನೆನೆಸಿದ್ದ ದಿಗ್ವಿಜಯವು ಮಣ್ಣುಗೂಡಿತ್ತು. ಮದುವೆಗೆಂದು ಹೊರಟವರಿಗೆ ದಾರಿಯಲ್ಲಿ ಅಶುಭವಾರ್ತೆ ಬಂದಂತಾಗಿತ್ತು. ನಾಲ್ಕರಲ್ಲಿ ಗೆಲವು ಒಂದೇ. ಉಳಿದ ನಾಲ್ಕೂ ಎದುರಾಳಿಯ ಮನೆಯಂಗಳದಲ್ಲಿ. ಹೋಗದೆ ಮನೆಯಲ್ಲಿಯೇ ಕುಳಿತಿದ್ದರೆ ಯಾರೂ ಅವರನ್ನು ಕೇಳುವಂತಿರಲಿಲ್ಲ. ಆದರೂ ಅವರು ಹೋದರು. ಅಟ್ಲಾಂಟಿಕ್ ಸಾಗರವನ್ನು ದಾಟಿ, ಅಂದಿನ ದಿನಗಳಲ್ಲಿ ಪಾಶ್ಚಾತ್ಯ ಪ್ರವಾಸಿಗಳಿಗೆ ಅಷ್ಟೇನೂ ಪರಿಚಿತವಲ್ಲದ, ಪೋಲೀಸರ ಕಣ್ಗಾವಲಿನ ಆ ರಾಜಧಾನಿಯನ್ನು ಸೇರಿದರು.

ಲುಜ್ನಿಕಿಯ ಕ್ರೀಡಾಮಂದಿರದಲ್ಲಿ ಸುಮಾರು 14,000 ಮಂದಿಗೆ ಸ್ಥಳವಿದ್ದಿತು. ಮಂಜುಗಡ್ಡೆಯ ಕಣವೇ ಕೆನಡಾದವರಿಗೆ ಹೊಸದು: ತಮ್ಮ ನಾಡಿನಲ್ಲಿ 85 ಅಡಿ ಅಗಲದ ಕಣದಲ್ಲಿ ಆಡಿದವರಿಗೆ ಅಲ್ಲಿ ಸುಮಾರು 100 ಅಡಿ ಅಗಲದ ಕಣ, ಗೋಲಿನ ಹಿಂದೆ ಗಾಜಿನ ಬದಲು ಬಲೆ. ನೋಡುವವರಿಗೂ ಎಲ್ಲವೂ ಹೊಸದೇ. ರಷ್ಯದ ಪ್ರೇಕ್ಷಕರು ಗಂಭೀರವಾಗಿ ಕುಳಿತು ನೋಡುವರು. ಅಸಮ್ಮತಿಯನ್ನು ತೋರಿಸಬೇಕಾದರೆ ಕೂಗುವುದಿಲ್ಲ, ಒಟ್ಟಾಗಿ ಸಿಳ್ಳು ಹಾಕುವರು. ಸಹಸ್ರಾರು ಮಂದಿಯ ಆ ಸಿಳ್ಳಿನ ತೀಕ್ಷ್ಣತೆಯು ಕಿವಿಯನ್ನು ಸೀಳುವಂತಹುದು. ಅದರ ನಡುವೆ ಕೆನಡಾದವರು ಧ್ವಜಗಳನ್ನು ಬೀಸುತ್ತ, ತಾವು ಕಲಿತಿದ್ದ ಎರಡೇ ರಷ್ಯನ್ ಪದಗಳನ್ನು ಸೇರಿಸಿ ಒಂದು ಘೋಷವನ್ನು ಕಟ್ಟಿಕೊಂಡರು: ‘ದಾ, ದಾ, ಕೆನಡಾ! ನ್ಯೆತ್, ನ್ಯೆತ್, ಸೋವಿಯತ್!’ ‘ದಾ’ ಎಂದರೆ ಹೌದು; ‘ನ್ಯೆತ್’ ಎಂದರೆ ಅಲ್ಲ. ಇದರಲ್ಲಿ ಕಾವ್ಯಗುಣವನ್ನು ಹುಡುಕುವವರು ನಿರಾಶರಾಗುವರು. ಆದರೆ ಅವರು ಕೂಗಿದ ಬಗೆಯನ್ನು ಅಂದಿನ ಆಟಗಾರರು ಮುದುಕರಾದ ಮೇಲೂ ಮರೆಯಲಿಲ್ಲ.

ಸೆಪ್ಟೆಂಬರ್ 22ರಂದು ಅಲ್ಲಿ ಮೊದಲ ಪಂದ್ಯ, ಒಟ್ಟಿನಲ್ಲಿ ಐದನೆಯದು. ಸೋವಿಯತ್ ನಾಯಕ ಬ್ರೆಜ್ನೇವನೂ ಪ್ರೇಕ್ಷಕರಲ್ಲಿದ್ದನು. ಆಟಗಾರರಿಗೆ ಹೂಗುಚ್ಛಗಳನ್ನು ಕೊಟ್ಟು ಪರಿಚಯ ಮಾಡಿಸುತ್ತಿದ್ದಾಗ ಎಸ್ಪೊಸಿಟೋವಿನ ಕಾಲಿಗೆ ಕೆಳಗೆ ಬಿದ್ದಿದ್ದ ಹೂವಿನ ದಂಟು ಸಿಕ್ಕಿ ಆತನು ದೊಪ್ಪನೆ ಕುಳಿತನು. ನಾಚಿಕೊಳ್ಳುವ ಬದಲು ಮೊಣಕಾಲೂರಿ ಸಭೆಗೆ ರಾಜಮರ್ಯಾದೆಯಿಂದ ನಮಸ್ಕರಿಸಿದನು. ರಷ್ಯದವರೂ ನಕ್ಕರು. ಆ ನಗೆಯ ಶುಭಶಕುನವೋ ಎಂಬಂತೆ ಕೆನಡಾ ಎರಡು ಭಾಗ ಮುಗಿಯುವಾಗ 3–0ರಿಂದಲೂ, ಅನಂತರ 4–1ರಿಂದಲೂ ಮುಂದಿದ್ದಿತು. ಆಮೇಲೆ ನಡೆದುದನ್ನು ಏನೆಂದು ಹೇಳೋಣ! ಕೆಲವೇ ನಿಮಿಷಗಳಲ್ಲಿ ಸೋವಿಯತ್ ತಂಡವು ಗೋಲಿನ ಮೇಲೆ ಗೋಲು ಹೊಡೆದು 5–4ರಿಂದ ಗೆದ್ದುಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. ಇನ್ನುಳಿದ ಮೂರು ಪಂದ್ಯಗಳಲ್ಲಿ ಮೂರನ್ನೂ ಗೆದ್ದ ಹೊರತು ಕೆನಡಾಕ್ಕೆ ಮಾನವುಳಿಯುವಂತಿರಲಿಲ್ಲ.

ತಲೆ ತಗ್ಗಿಸಿ ಕಣದಿಂದ ಹೊರಟ ಆಟಗಾರರು ವ್ಯಾಂಕೂವರಿನ ಧಿಕ್ಕಾರವನ್ನೇ ಮತ್ತೆ ನಿರೀಕ್ಷಿಸಿದ್ದರೆ ತಪ್ಪಲ್ಲ. ಅವರಿಗೆ ಕೇಳಿಬಂದುದೇ ಬೇರೆ. ಆ 3,000 ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗೆದ್ದವರಿಗಲ್ಲ, ಮೂರು ಗೋಲುಗಳ ಮುನ್ನಡೆಯನ್ನು ನೀರಿನಲ್ಲಿ ಹೋಮಮಾಡಿ ಸೋತ ತಮ್ಮವರಿಗೆ! ಹಲವು ಆಟಗಾರರು ಅನಂತರದ ವರ್ಷಗಳಲ್ಲಿ ಈ ಪಂದ್ಯಾವಳಿಯ ತಿರುವು ಆ ಕ್ಷಣದಲ್ಲಿಯೇ ಆಯಿತೆಂದು ಹೇಳಿರುವರು. ಆಟಕ್ಕೆ ಸಂಬಂಧಿಸಿದ ಕಾರಣಗಳೂ ಇದ್ದುವೆನ್ನಿ: ಅಷ್ಟರಲ್ಲಿ ಅವರ ಮೈಗೆ ಕಸುವು ಬಂದಿದ್ದಿತು, ನಡುವೆ ಸ್ವೀಡನ್ನಿನಲ್ಲಿ ಆಡಿದ ಎರಡು ಪಂದ್ಯಗಳಿಂದ ಅಗಲವಾದ ಕಣವೂ ರೂಢಿಯಾಗಿದ್ದಿತು. ಆದರೂ ಸೋತ ರಾತ್ರಿ ತಮ್ಮವರು ಎದ್ದು ನಿಂತರೆಂಬುದರ ಬೆಲೆಯನ್ನು ಸೋತವರೇ ಬಲ್ಲರು. ಪರೀಕ್ಷೆಯಲ್ಲಿ ಉತ್ತೀರ್ಣನಾಗದೆ ಮನೆಗೆ ಬಂದ ಹುಡುಗನಿಗೆ ತಾಯಿಯು ಮಾತಿಲ್ಲದೆ ಎಲೆ ಹಾಕಿ ಬಡಿಸಿದರೆ ಹೇಗಿರುವುದೋ ಅದನ್ನು ನಮ್ಮ ಮನೆಗಳಲ್ಲಿ ಕಂಡವರಿದ್ದಾರೆ.

ಆ ಹೊತ್ತಿಗೆ ತಂಡದೊಳಗೆಯೇ ಬಿರುಕು ಬಿಟ್ಟಿದ್ದಿತು. ತಮಗೆ ಆಡಲು ಅವಕಾಶ ಸಾಲದೆಂದು ನಾಲ್ವರು ಆಟಗಾರರು ಮಾಸ್ಕೋವಿನಿಂದ ಊರಿಗೆ ಹಿಂತಿರುಗಿದರು. ಆಡುವುದಕ್ಕೆ ಬಂದವರು ನಡುವೆ ಹೊರಟುಹೋದರು. ನೋಡುವುದಕ್ಕೆ ಬಂದವರು ಉಳಿದರು! ಇತ್ತ ತಾಯ್ನಾಡಿನಿಂದ ತಂತಿಗಳೂ ಕಾಗದಗಳೂ ಸಾವಿರಗಟ್ಟಳೆ ಬಂದುವು. ಆಟಗಾರರು ಅವುಗಳನ್ನು ತಮ್ಮ ಕೊಠಡಿಯ ಗೋಡೆಗಳಿಗೆ ಅಂಟಿಸಿಕೊಂಡರು.

ಸೆಪ್ಟೆಂಬರ್ 24ರಂದು ಕೆನಡಾ 3–2ರಿಂದ ಗೆದ್ದಿತು. ಆದರೆ ಈ ಗೆಲವಿಗೆ ಒಂದು ಕಲಂಕವುಂಟು. ಸೋವಿಯತ್ ತಂಡದ ಅತ್ಯಂತ ಚುರುಕಾದ ಆಟಗಾರ ವಲೇರಿ ಖಾರ್ಲಾಮೋವನ ಹರಡಿಗೆ ಬಾಬಿ ಕ್ಲಾರ್ಕ್ ಎಂಬ ಕೆನಡಾದವನು ಕೋಲಿನಿಂದ ಬಲವಾಗಿ ಹೊಡೆದನು. ಅದು ಬಿಲ್ಲೆಗಾಗಿ ಬೀಸಿದ ಏಟಲ್ಲ, ಕಾಲಿಗಾಗಿಯೇ ಬೀಸಿದ ಏಟು. ಖಾರ್ಲಾಮೋವನು ಮುಂದಿನ ಪಂದ್ಯದಲ್ಲಿ ಆಡಲಾಗಲಿಲ್ಲ. ಕೊನೆಯ ಪಂದ್ಯಕ್ಕೆ ಬಂದರೂ ಮೊದಲಿನಂತಿರಲಿಲ್ಲ. ಈ ದುಷ್ಕೃತ್ಯವನ್ನು ಕೆನಡಾದಲ್ಲಿಯೇ ಖಂಡಿಸಿದವರು ಮುಂದೆ ಹಲವರಾದರು. ಅಭಿಮಾನವು ಕಣ್ಣಿಗೆ ಕಟ್ಟಿದ ಬಟ್ಟೆಯಾಗುವುದೂ ಉಂಟು. ದೂರದಿಂದ ಬಂದವನ ಕಣ್ಣಿಗೆ ಅದು ಇನ್ನಷ್ಟು ಬಿಗಿಯಾಗಿರುವುದೆಂದು ನಮಗೆ ತೋರುತ್ತದೆ. ಅಷ್ಟು ವೆಚ್ಚಮಾಡಿ ಹೋದವನಿಗೆ ತನ್ನವರ ತಪ್ಪನ್ನು ಒಪ್ಪುವ ಮನಸ್ಸು ಹೇಗೆ ಬಂದೀತು? ಹಾಗೆಂದು ಆ 3,000 ಮಂದಿಯನ್ನು ಸಾಧುಸಂತರೆಂದೂ ಯಾರೂ ಭಾವಿಸಬೇಕಾಗಿಲ್ಲ. ರಾತ್ರಿಯೆಲ್ಲ ಹೋಟಲುಗಳಲ್ಲಿ ಕುಡಿದು ಗದ್ದಲ ಮಾಡಿದವರು ಅವರಲ್ಲಿ ಇದ್ದರು. ಅವರ ನಡುವೆ ಕಹಳೆಯೂದುತ್ತಿದ್ದ ಒಬ್ಬನು ಮಾಸ್ಕೋವಿನ ಸೆರೆಮನೆಯನ್ನೂ ಕಂಡು ಬಂದನು.

ಸೆಪ್ಟೆಂಬರ್ 26ರಂದು ಕೆನಡಾ ಮತ್ತೆ ಗೆದ್ದಿತು, 4–3ರಿಂದ. ಗೆಲವಿನ ಗೋಲು ಬಂದುದು ಆಟ ಮುಗಿಯಲು 2 ನಿಮಿಷ ಚಿಲ್ಲರೆ ಉಳಿದಿದ್ದಾಗ, ಪಾಲ್ ಹೆಂಡರ್ಸನ್ನನ ಕೋಲಿನಿಂದ. ಈಗ ಎರಡು ತಂಡಗಳಿಗೂ ಮೂರು ಮೂರು ಗೆಲವು, ಒಂದು ಸರಿಸಮ. ಸೆಪ್ಟೆಂಬರ್ 28ರಂದು ಎಂಟನೆಯದೂ ಕೊನೆಯದೂ ಆದ ಪಂದ್ಯ. ಮಾಸ್ಕೋವಿನಲ್ಲಿ ಸಂಜೆಯಾದಾಗ ಕೆನಡಾದಲ್ಲಿ ಹಗಲು. ಶಾಲೆಗಳಲ್ಲಿ ಪಾಠ ನಿಲ್ಲಿಸಿ ಮಕ್ಕಳನ್ನು ದೂರದರ್ಶನದ ಮುಂದೆ ಕುಳ್ಳಿರಿಸಿದರು. ಕಚೇರಿಗಳಲ್ಲಿ ಕೆಲಸ ನಡೆಯಲಿಲ್ಲ.

ಆಟ ಆರಂಭವಾಗುತ್ತಲೇ ತೀರ್ಪುಗಾರರ ಮೇಲೆ ಕೆನಡಾದವರಿಗೆ ಅಸಮಾಧಾನ. ಪ್ಯಾರಿಸೇ ಎಂಬ ಆಟಗಾರನು ತೀರ್ಪುಗಾರನ ಮೇಲೆ ಕೋಲೆತ್ತಿ ಹೋದನು. ಹೊಡೆಯಲಿಲ್ಲ, ಆದರೆ ಆಟದಿಂದ ಬಹಿಷ್ಕೃತನಾದನು. ಆಗ ಕೆನಡಾದ ಪ್ರೇಕ್ಷಕರು ಒಂದೇ ಕಂಠದಿಂದ, ‘ನಡೆಯಿರಿ ಮನೆಗೆ, ನಡೆಯಿರಿ ಮನೆಗೆ’ ಎಂಬರ್ಥ ಬರುವಂತೆ ಕೂಗತೊಡಗಿದರು. ಸಾವಿರಾರು ಮೈಲಿ ದೂರದಿಂದ ನೋಡಬಂದವರೇ ಆಟ ಸಾಕೆಂದು ಎದ್ದು ನಿಂತ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಪುಣ್ಯವಶದಿಂದ ಯಾರೂ ಹೋಗಲಿಲ್ಲ.

ಎರಡು ಭಾಗ ಮುಗಿಯುವಾಗ ಸೋವಿಯತ್ ತಂಡ 5–3ರಿಂದ ಮುಂದಿದ್ದಿತು. ಮೂರನೆಯ ಭಾಗದಲ್ಲಿ ಎಸ್ಪೊಸಿಟೋ ಒಂದು ಗೋಲು ಹೊಡೆದನು. ಆಮೇಲೆ ಇವಾನ್ ಕೂರ್ನ್ವಾಯೆ ಹೊಡೆದ ಗೋಲಿನಿಂದ 5–5 ಆಯಿತು; ಆದರೆ ಗೋಲಾದಾಗ ಹೊತ್ತಬೇಕಾದ ಕೆಂಪು ದೀಪ ಹೊತ್ತಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥನೂ ಈ ಪಂದ್ಯಗಳ ವ್ಯವಸ್ಥಾಪಕರಲ್ಲೊಬ್ಬನೂ ಆಗಿದ್ದ ಆಲನ್ ಈಗಲ್ಸನ್, ಗೋಲನ್ನು ಲೆಕ್ಕಕ್ಕೆ ಹಿಡಿಯದೆ ಹೋಗುವರೆಂದು ಶಂಕಿಸಿ, ಪ್ರೇಕ್ಷಕರ ಸಾಲಿನಿಂದ ಹಾರಿ ಧಾವಿಸಿದನು. ಪೋಲೀಸರು ಅವನನ್ನು ಹಿಡಿದು ಎಳೆದೊಯ್ಯುತ್ತಿರಲು, ಪೀಟರ್ ಮಹೋವ್ಲಿಚ್ ಎಂಬ ಆಜಾನುಬಾಹುವಾದ ಆಟಗಾರನು ಕೋಲು ಹಿಡಿದೇ ಕಟ್ಟೆಯನ್ನು ದಾಟಿ ಅವರ ನಡುವೆ ನುಗ್ಗಿದನು. ಸಂಗಡಿಗರೂ ಬಂದು ಸೇರಿದರು. ಈಗಲ್ಸನ್ನನನ್ನು ಬಿಡಿಸಿ ಮಂಜುಗಡ್ಡೆಯ ಮೇಲೆಯೇ ನಡೆಸಿಕೊಂಡು ತಮ್ಮ ಪೀಠಗಳ ಬಳಿಗೆ ಕರೆತಂದರು. ದಾರಿಯಲ್ಲಿ ಆ ಮಹಾಶಯನು ರಷ್ಯದ ಸಭಿಕರಿಗೆ ಬೆರಳಿನಿಂದ ತೋರಿಸಿದ ಸನ್ನೆಯನ್ನು ಗೃಹಸ್ಥರ ಪತ್ರಿಕೆಯಲ್ಲಿ ವಿವರಿಸುವುದು ಯುಕ್ತವಲ್ಲ.

ಪಂದ್ಯವು ಸರಿಸಮವಾದರೆ ಒಟ್ಟು ಗೋಲುಗಳ ಲೆಕ್ಕದಿಂದ ತಾವೇ ಗೆದ್ದೆವೆಂದು ಹೇಳಿಕೊಳ್ಳುವುದಾಗಿ ಸೋವಿಯತ್ ಅಧಿಕಾರಿಗಳು ಆಗಲೇ ತಿಳಿಸಿದ್ದರು. ಲೆಕ್ಕದಲ್ಲಿ ಅವರಿಗೆ 2 ಗೋಲು ಹೆಚ್ಚಾಗಿಯೇ ಇದ್ದುವು. ಕೊನೆಯ ನಿಮಿಷ ಬಂದಿತು. ಪೀಠದಲ್ಲಿ ಕುಳಿತಿದ್ದ ಹೆಂಡರ್ಸನ್ನನು ಕಣದಲ್ಲಿದ್ದ ಸಂಗಡಿಗನನ್ನು ಕೂಗಿ ಹೊರಕ್ಕೆ ಕರೆದು ತಾನು ಒಳನುಗ್ಗಿದನು. ಬಿಲ್ಲೆಗಾಗಿ ಕೋಲು ಚಾಚಿ ಎಡವಿ, ಜಾರಿ, ಗೋಲಿನ ಹಿಂದಣ ಕಟ್ಟೆಗೆ ಬಡಿದನು. ಎದ್ದು ಗೋಲಿನ ಮುಂದಕ್ಕೆ ಬಂದನು. ಎಸ್ಪೊಸಿಟೋ ಅಟ್ಟಿದ ಬಿಲ್ಲೆಯನ್ನು ತ್ರೆತ್ಯಾಕನು ತಡೆದನು. ಮರಳಿ ಬಂದುದನ್ನು ಹೆಂಡರ್ಸನ್ ಹೊಡೆದನು, ಅದನ್ನೂ ತಡೆದನು. ಮತ್ತೆ ಹೊಡೆದನು. ಈ ಸಲ ದೀಪ ಹೊತ್ತಿತು. ಉಳಿದಿದ್ದುದು 34 ಸೆಕೆಂಡುಗಳು. ಆ 34 ಸೆಕೆಂಡುಗಳು ಕಳೆಯುವುದರೊಳಗಾಗಿಯೇ 3,000 ಕಂಠಗಳಿಂದ ಕೆನಡಾದ ರಾಷ್ಟ್ರಗೀತೆಯು ಎದ್ದಿತು. ಸಿಳ್ಳು ಕೇಳಿಸಿತೋ ಇಲ್ಲವೋ, ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಕೆನಡಾ 6–5ರಿಂದ ಗೆದ್ದಿತು.

ಒಟ್ಟು ಗೋಲುಗಳನ್ನು ಕೂಡಿಸಿ ನೋಡಿದರೆ ಸೋವಿಯತ್ ತಂಡಕ್ಕೆ 32, ಕೆನಡಾಕ್ಕೆ 31. ಇಷ್ಟು ಸಮಬಲವಾದ ಹೋರಾಟದಲ್ಲಿ ಪ್ರೇಕ್ಷಕರ ಪಾಲು ಎಷ್ಟೆಂದು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಒಂದು ವಿಷಯವಂತೂ ಕಣ್ಣಿಗೆ ಕಾಣುವುದು: ಸಹಸ್ರಾರು ಸ್ವಜನರ ನಡುವೆ ನಾಲ್ಕರಲ್ಲಿ ಒಂದನ್ನು ಗೆದ್ದ ತಂಡವೇ, 3,000 ಮಂದಿಯ ನಡುವೆ ನಾಲ್ಕರಲ್ಲಿ ಮೂರನ್ನು ಗೆದ್ದಿತು.

ಆಟಗಾರರು ದಾರಿಯಲ್ಲಿ ಪ್ರಾಗ್ ನಗರದಲ್ಲಿ ಇನ್ನೊಂದು ಪಂದ್ಯವನ್ನಾಡಿ ಅಕ್ಟೋಬರ್ 1ರಂದು ಸ್ವದೇಶಕ್ಕೆ ಬಂದಿಳಿದರು. ಮಾಂಟ್ರಿಯಲಿನ ವಿಮಾನನಿಲ್ದಾಣದಲ್ಲಿ ಪ್ರಧಾನಮಂತ್ರಿ ಟ್ರೂಡೋ ಅವರೇ ಕಾದಿದ್ದರು. ಟೊರಾಂಟೋ ನಗರದ ಚೌಕದಲ್ಲಿ ಮಳೆ ಸುರಿಯುತ್ತಿದ್ದರೂ ಹತ್ತಾರು ಸಾವಿರ ಮಂದಿ ನೆನೆಯುತ್ತ ನಿಂತು ರಾಷ್ಟ್ರಗೀತೆಯನ್ನು ಹಾಡಿದರು. ಅವರಲ್ಲಿ ಒಂದು ತಿಂಗಳ ಹಿಂದೆ ಜರೆದವರೆಷ್ಟು ಮಂದಿ, ಮಾಸ್ಕೋವಿನಿಂದ ಕಂಠ ಕಟ್ಟಿಕೊಂಡು ಬಂದವರೆಷ್ಟು ಮಂದಿ ಎಂದು ಯಾರೂ ಎಣಿಸಲಿಲ್ಲ.